ಸಿಇಟಿ, ಕಾಮೆಡ್-ಕೆ, ಜೆಇಇ, ನೀಟ್: ಬೆಳಗಾವಿ ಸೀಮೆಯ ಲೆಕ್ಕದಲ್ಲಿ ಒಂದು ವಿಮರ್ಶೆ

ಪಿಯು ವಿಜ್ಞಾನ ಮುಗಿಸಿದವರು ಎಂಜಿನಿಯರಿಂಗ್, ಕೃಷಿ, ವೈದ್ಯಕೀಯ ಸೀಟಿಗೆಂದು ಬರೆಯುವ ಪ್ರವೇಶ ಪರೀಕ್ಷೆಗಳಲ್ಲಿ ಮುಖ್ಯವಾದವು ಈ ನಾಲ್ಕು. ಒಂದು ಪ್ರಶ್ನೆಗೆ ಸಿಇಟಿ ಕೊಡುವ ಸಮಯ 80 ಸೆಕೆಂಡು. ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್-ಕೆ ಕೊಡುವುದು 60, ನೀಟ್ ಕೊಡುವುದೂ 60. ಜೆಇಇ ಮೇನ್‌ನಲ್ಲಿ 144 ಸೆಕೆಂಡು ಸಿಗುತ್ತದೆ. ಅದನ್ನು ಉದಾರತನ ಅಂದುಕೊಳ್ಳಬೇಡಿ, ಅಲ್ಲಿನ ಲೆಕ್ಕಗಳಿಗೆ ಅಷ್ಟು ಹೊತ್ತು ಬೇಕೇ ಬೇಕು. ನಾಲ್ಕಕ್ಕೂ ಓದುವ ಪುಸ್ತಕ ಹೆಚ್ಚುಕಡಿಮೆ ಒಂದೇ, ಪಿಯು ಕಾಲೇಜಿನಲ್ಲಿ ಕೊಡುವ ಎನ್‌ಸಿಇಆರ್‌ಟಿ ಪುಸ್ತಕ. ಆದರೆ ನಾಲ್ಕೂ ಬೇರೆ ಬೇರೆ ಸಾಮಾನು. ಒಂದಕ್ಕೆ ಕೈ ಪಳಗಿದರೆ ಇನ್ನೊಂದು ತಾನಾಗಿ ಬರುತ್ತದೆ ಎಂಬ ನಂಬಿಕೆಯಲ್ಲಿ ನಾಲ್ಕಕ್ಕೂ ಅರ್ಜಿ ಹಾಕಿ, ಎಲ್ಲದರಲ್ಲೂ ನಡುಮಟ್ಟದ ರ‍್ಯಾಂಕ್ ತರುವವರೇ ಹೆಚ್ಚು.

ಆದ್ದರಿಂದ ಇದು ಕೋಚಿಂಗ್ ಸೆಂಟರುಗಳ ವಿಮರ್ಶೆ ಅಲ್ಲ, ಪರೀಕ್ಷೆಗಳದೇ ವಿಮರ್ಶೆ. ರೊಕ್ಕ ಎಷ್ಟು ಕೇಳುತ್ತವೆ, ಬದಲಿಗೆ ಏನು ಕೊಡುತ್ತವೆ, ಎಲ್ಲಿ ಕೈಕೊಡುತ್ತವೆ ಎಂದು ನೋಡೋಣ. ಲೆಕ್ಕವೆಲ್ಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ವಿದ್ಯಾರ್ಥಿಯನ್ನು ಮುಂದಿಟ್ಟುಕೊಂಡು ಹಾಕಿದ್ದು. ಬೆಂಗಳೂರಿನ ಹುಡುಗನ ಲೆಕ್ಕ ಬೇರೆ, ಕಲಬುರಗಿಯ ಹುಡುಗಿಯ ಲೆಕ್ಕ ಇನ್ನೂ ಬೇರೆ. ಯಾಕೆ ಎಂಬುದು ಮುಂದೆ ಬರುತ್ತದೆ.

ಸಿಇಟಿ: ಮನೆಯ ರೊಟ್ಟಿ

ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಜನರ ಬಾಯಲ್ಲಿ ಕೆಇಎ, ನಡೆಸುವ ಪರೀಕ್ಷೆ ಇದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಪ್ರತಿಯೊಂದಕ್ಕೂ 60 ಪ್ರಶ್ನೆ, 60 ಅಂಕ, 80 ನಿಮಿಷ. ಎರಡು ದಿನ, ದಿನಕ್ಕೆ ಎರಡು ಪತ್ರಿಕೆ. ಬೆಳಗಿನದು 10:30ಕ್ಕೆ, ಮಧ್ಯಾಹ್ನದ್ದು 2:30ಕ್ಕೆ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಉತ್ತರ ಗುರುತಿಸುವುದು ಓಎಂಆರ್ ಹಾಳೆಯ ಮೇಲೆ, ಬಾಲ್ ಪೆನ್ನಿನಲ್ಲಿ.

ಇದರ ದೊಡ್ಡ ಗುಣ ಎಂದರೆ ಒಂದೇ ಅರ್ಜಿಯಲ್ಲಿ ಎಷ್ಟೋ ಬಾಗಿಲು ತೆರೆಯುತ್ತದೆ. ಎಂಜಿನಿಯರಿಂಗ್ ಇದೆ. ಕೃಷಿ, ತೋಟಗಾರಿಕೆ, ಪಶುವೈದ್ಯ ಇವೆ. ಬಿ.ಫಾರ್ಮಾ, ಫಾರ್ಮಾ-ಡಿ, ಬಿಎಸ್ಸಿ ನರ್ಸಿಂಗ್, ಯೋಗ ಮತ್ತು ಪ್ರಕೃತಿ ಚಿಕಿತ್ಸೆ ಎಲ್ಲ ಇದೇ ಗಾಡಿ ಹತ್ತಿದವರಿಗೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಅರಭಾವಿಯ ತೋಟಗಾರಿಕೆ ಕಾಲೇಜು, ವಿಜಯಪುರದ ಕೃಷಿ ಕಾಲೇಜು ಈ ಮೂರೂ ಮನೆ ಹತ್ತಿರವೇ ಇವೆ. ಎಂಜಿನಿಯರಿಂಗ್ ಒಂದೇ ಎಂದು ಹೊರಟ ಪಿಸಿಎಂಬಿ ವಿದ್ಯಾರ್ಥಿ ಜೀವಶಾಸ್ತ್ರ ಪತ್ರಿಕೆ ಬರೆಯದೆ ಮನೆಗೆ ಹೋಗುವುದು ನಮಗೆ ಕಾಣುವ ಶುದ್ಧ ನಷ್ಟ. 80 ನಿಮಿಷ ಕೂತು ಬಂದರೆ ಕೃಷಿಯ ಬಾಗಿಲು ತೆರೆದೇ ಇರುತ್ತದೆ. ಕೃಷಿಕರ ಮಕ್ಕಳ ಕೋಟಾ ಬೇಕಾದವರು ಅರ್ಜಿಯಲ್ಲೇ ಅದನ್ನು ಕೇಳಿಕೊಳ್ಳಬೇಕು, ಪ್ರಾಯೋಗಿಕ ಪರೀಕ್ಷೆಗೂ ಹೋಗಬೇಕು. ಹೊಲದ ಕಾಗದಪತ್ರ ತಂದೆಯ ಹೆಸರಿನಲ್ಲಿದೆಯೋ, ಅಜ್ಜನ ಹೆಸರಿನಲ್ಲೇ ಉಳಿದಿದೆಯೋ ನೋಡಿಕೊಳ್ಳುವ ಕಾಲ ಅರ್ಜಿ ಹಾಕುವ ಮೊದಲಿನದು.

ಎಂಜಿನಿಯರಿಂಗ್ ರ‍್ಯಾಂಕ್‌ಗೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅಂಕ. ಈ ಮಾತು ಎಲ್ಲರಿಗೂ ಗೊತ್ತು, ಲೆಕ್ಕ ಹಾಕಿ ನೋಡಿದವರು ಕಡಿಮೆ. ಪಿಯುನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 300 ಅಂಕ, ಸಿಇಟಿಯಲ್ಲಿ 180. ಎರಡನ್ನೂ ಶೇಕಡಾವಾರಿಗೆ ಇಳಿಸಿ ಅರ್ಧರ್ಧ ಹಿಡಿದರೆ, ಸಿಇಟಿಯ 3 ಅಂಕ ಪಿಯುನ 5 ಅಂಕಕ್ಕೆ ಸಮ. ಒಬ್ಬಳಿಗೆ ಪಿಯುನಲ್ಲಿ 285, ಸಿಇಟಿಯಲ್ಲಿ 72 ಬಂತು ಎನ್ನಿ: 95 ಮತ್ತು 40ರ ಸರಾಸರಿ 67.5. ಇನ್ನೊಬ್ಬನಿಗೆ ಪಿಯುನಲ್ಲಿ 240, ಸಿಇಟಿಯಲ್ಲಿ 108: 80 ಮತ್ತು 60ರ ಸರಾಸರಿ 70. ಪಿಯುನಲ್ಲಿ 45 ಅಂಕ ಹಿಂದಿದ್ದವನು ರ‍್ಯಾಂಕ್‌ನಲ್ಲಿ ಮುಂದೆ ಬಂದ. ಊರತುಂಬ ಬ್ಯಾನರ್ ಹಾಕಿಸಿಕೊಂಡ ಶೇ. 95ರ ಮನೆಯಲ್ಲಿ ಮೇ ತಿಂಗಳ ಕೊನೆಗೆ ಮೌನ ಆವರಿಸುವುದು ಇದೇ ಕಾರಣಕ್ಕೆ.

ಹಾಗೆಂದು ಪಿಯುವನ್ನು ಕೈಬಿಡುವಂತಿಲ್ಲ. ಸಿಇಟಿಯಲ್ಲಿ ಇನ್ನು 10 ಅಂಕ ತರುವುದು ಎಲ್ಲರಿಂದ ಆಗುವ ಕೆಲಸ ಅಲ್ಲ. ಪಿಯು ಪ್ರಾಯೋಗಿಕದ 30 ಅಂಕ ಪೂರ್ತಿ ತರುವುದು ಜರ್ನಲ್ ಬರೆದ ಯಾರಿಂದಲೂ ಆಗುತ್ತದೆ. ಗಣಿತದ ಆಂತರಿಕ ಅಂಕ 20. ಇವೆಲ್ಲ ರ‍್ಯಾಂಕ್‌ಗೆ ನೇರವಾಗಿ ಸೇರುವ ಅಂಕಗಳು. ಪಿಯು ಪರೀಕ್ಷೆ-1ರಲ್ಲಿ ಒಂದು ವಿಷಯ ಕೈಕೊಟ್ಟಿದ್ದರೆ ಪರೀಕ್ಷೆ-2 ಬರೆಯಿರಿ, ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳಬೇಡಿ.

ಓಎಂಆರ್ ಹಾಳೆಯಲ್ಲಿ ಆಗುವ ಅನಾಹುತಗಳು ವರ್ಷವೂ ಅವೇ. ಮೊದಲನೆಯದು ವರ್ಷನ್ ಕೋಡ್. ಪ್ರಶ್ನೆಪತ್ರಿಕೆಯ ಮೇಲಿರುವ ಕೋಡ್ ಬೇರೆ, ಹಾಳೆಯಲ್ಲಿ ತುಂಬಿದ್ದು ಬೇರೆ ಆದರೆ 60 ಉತ್ತರಗಳೂ ಬೇರೆ ಕೀಲಿಯಲ್ಲಿ ತಿದ್ದಲ್ಪಡುತ್ತವೆ. ಎರಡನೆಯದು, ಕೊನೆಗೆ ಒಟ್ಟಿಗೆ ತುಂಬುತ್ತೇನೆ ಎಂಬ ಹುಂಬತನ. ಒಂದು ವೃತ್ತ ಸರಿಯಾಗಿ ತುಂಬಲು 5 ಸೆಕೆಂಡು ಹಿಡಿದರೂ 60ಕ್ಕೆ 5 ನಿಮಿಷ. ಗಾಬರಿಯಲ್ಲಿ 23ನೇ ಪ್ರಶ್ನೆಯ ಉತ್ತರ 24ರ ಸಾಲಿಗೆ ಬಿದ್ದರೆ ಅಲ್ಲಿಂದ ಮುಂದಿನದೆಲ್ಲ ಒಂದೊಂದು ಮನೆ ಜಾರುತ್ತದೆ. ಹತ್ತು ಪ್ರಶ್ನೆಗೊಮ್ಮೆ ತುಂಬುವುದು ಒಳ್ಳೆಯ ರೂಢಿ. ಮೂರನೆಯದು, ಗೊತ್ತಿಲ್ಲದ್ದನ್ನು ಖಾಲಿ ಬಿಡುವುದು. ಕಡಿತ ಇಲ್ಲದ ಪರೀಕ್ಷೆಯಲ್ಲಿ ಖಾಲಿ ವೃತ್ತ ಎಂದರೆ ಸಿಗಬಹುದಾದ ಅಂಕ ಬಿಟ್ಟಂತೆ. ಗೊತ್ತಿಲ್ಲದ 20 ಪ್ರಶ್ನೆಗೆ ಕಣ್ಣುಮುಚ್ಚಿ ತುಂಬಿದರೂ ಸರಾಸರಿ 5 ಅಂಕ ಬರುತ್ತದೆ. ಕೊನೆಯ 3 ನಿಮಿಷ ಇದಕ್ಕೇ ಇಡಿ. ಕೈಗಡಿಯಾರ ಒಳಗೆ ಬಿಡುವುದಿಲ್ಲ, ಗೋಡೆ ಗಡಿಯಾರ ನೋಡಿ ಬರೆಯುವ ಅಭ್ಯಾಸ ಮನೆಯಲ್ಲೇ ಆಗಲಿ.

ಇನ್ನು ಇದರ ದೋಷ. 2024ರಲ್ಲಿ ಪಠ್ಯಕ್ರಮದಿಂದ ಕೈಬಿಟ್ಟಿದ್ದ ಪಾಠಗಳಿಂದ ಪ್ರಶ್ನೆಗಳು ಬಂದವು. ಗದ್ದಲವಾದ ಮೇಲೆ ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆಯಲಾಯಿತು. ತೆಗೆದದ್ದು ಸರಿ. ಆದರೆ ಆ ಪ್ರಶ್ನೆಗಳ ಮೇಲೆ ಹತ್ತು ಹದಿನೈದು ನಿಮಿಷ ತಲೆ ಕೆರೆದುಕೊಂಡವರ ಸಮಯವನ್ನು ಯಾರೂ ತಿರುಗಿ ಕೊಡಲಿಲ್ಲ. ಪಾಠ ಗೊತ್ತಿಲ್ಲ ಅನ್ನಿಸಿದ ಪ್ರಶ್ನೆಯನ್ನು ಮೊದಲ ಸುತ್ತಿನಲ್ಲಿ ದಾಟಿ ಹೋಗುವುದು ಸಿಇಟಿಯ ಮೊದಲ ಕೌಶಲ ಎನ್ನುವುದು ಅದಕ್ಕೇ. ಇನ್ನೊಂದು ಮಾತು, ಪ್ರಥಮ ಪಿಯು ಪಾಠಗಳೂ ಸಿಇಟಿಗೆ ಬರುತ್ತವೆ. ಮೊದಲ ವರ್ಷದ ಪುಸ್ತಕವನ್ನು ರದ್ದಿಗೆ ಹಾಕಿದ ಮನೆಗಳು ಏಪ್ರಿಲ್‌ನಲ್ಲಿ ಅದನ್ನೇ ಹುಡುಕುತ್ತವೆ.

ಐದಕ್ಕೆ ನಾಲ್ಕು ಕೊಡಬಹುದು. ಈ ಮೂರು ಜಿಲ್ಲೆಗಳ ಯಾವ ವಿಜ್ಞಾನ ವಿದ್ಯಾರ್ಥಿಯೂ ಇದನ್ನು ಬಿಡಬಾರದು, ನೀಟ್ ಮಾತ್ರ ಸಾಕು ಎನ್ನುವವರು ಕೂಡ.

ಯಾರ ಸೀಟು, ಯಾರ ಶುಲ್ಕ

ಕಾಮೆಡ್-ಕೆಗೆ ಹೋಗುವ ಮೊದಲು ಖಾಸಗಿ ಕಾಲೇಜಿನ ಸೀಟು ಹೇಗೆ ಪಾಲಾಗುತ್ತದೆ ಎಂದು ತಿಳಿಯಬೇಕು. ಅಲ್ಪಸಂಖ್ಯಾತ ಸಂಸ್ಥೆಯಲ್ಲದ, ಅನುದಾನ ಇಲ್ಲದ ಎಂಜಿನಿಯರಿಂಗ್ ಕಾಲೇಜಿನಲ್ಲಿ 100 ಸೀಟಿದ್ದರೆ 45 ಸಿಇಟಿಗೆ, 30 ಕಾಮೆಡ್-ಕೆಗೆ, 25 ಆಡಳಿತ ಮಂಡಳಿಗೆ. ಅನುದಾನಿತ ಕೋರ್ಸಾದರೆ ಬಹುತೇಕ ಎಲ್ಲ ಸೀಟೂ ಸಿಇಟಿಗೇ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಷ್ಟು ಹಳೆಯದು, ಅಲ್ಲಿ ಅನುದಾನಿತ ವಿಭಾಗಗಳಿವೆ. ಸೀಟಿಗೆಂದು ಕಾಲೇಜು ಆರಿಸುವ ಆಪ್ಷನ್ ಪಟ್ಟಿಯಲ್ಲಿ ಒಂದೇ ಕಾಲೇಜು ಎರಡು ಕಡೆ, ಎರಡು ಶುಲ್ಕದಲ್ಲಿ ಕಾಣಿಸಿದರೆ ಗೊಂದಲ ಬೇಡ. ಒಂದು ಅನುದಾನಿತ, ಇನ್ನೊಂದು ಅಲ್ಲ. ಪಾಠ ಮಾಡುವ ಕಟ್ಟಡ ಒಂದೇ ಇದ್ದರೂ ಕಟ್ಟುವ ರೊಕ್ಕ ಒಂದೇ ಅಲ್ಲ.

2025-26ರ ಲೆಕ್ಕದಲ್ಲಿ ಖಾಸಗಿ ಕಾಲೇಜಿನ ಸಿಇಟಿ ಸೀಟು ವರ್ಷಕ್ಕೆ ಒಂದು ಲಕ್ಷದ ಆಸುಪಾಸಿನದು, ಕಾಮೆಡ್-ಕೆ ಸೀಟು ಎರಡು ಲಕ್ಷದಿಂದ ಮೂರು ಲಕ್ಷದೊಳಗಿನದು. ನಾಲ್ಕು ವರ್ಷಕ್ಕೆ ಗುಣಿಸಿ, ಬೆಂಗಳೂರಿನ ಪಿಜಿ ಬಾಡಿಗೆ ಕೂಡಿಸಿ, ಆಮೇಲೆ ಮಾತಾಡೋಣ.

ಸಿಇಟಿಯಲ್ಲಿ ಇನ್ನೂ ಅಗ್ಗದ ಒಂದು ದಾರಿ ಇದೆ, ಎಸ್‌ಎನ್‌ಕ್ಯೂ. ಮಂಜೂರಾದ ಸೀಟುಗಳ ಮೇಲೆ ಶೇ. 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮಾಫಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. ಜನರಲ್ ಮೆರಿಟ್‌ನವರಿಗೂ ಇದು ಸಿಗುತ್ತದೆ. ಜಾತಿ ಮೀಸಲಾತಿ ಇಲ್ಲ ಎಂದು ಆದಾಯ ಪ್ರಮಾಣಪತ್ರವನ್ನೇ ಮಾಡಿಸದೆ ಇರುವವರು ಕಳೆದುಕೊಳ್ಳುವುದು ಇದನ್ನು.

ಕಾಮೆಡ್-ಕೆ: ಯಾರಿಗೆ ಬೇಕು, ಯಾರಿಗೆ ಬೇಡ

180 ಪ್ರಶ್ನೆ, 180 ನಿಮಿಷ, ಮೂರು ವಿಷಯಕ್ಕೆ ತಲಾ 60. ಕಂಪ್ಯೂಟರ್ ಮೇಲೆ, ಇಂಗ್ಲಿಷ್‌ನಲ್ಲಿ ಮಾತ್ರ. ಅಂಕ ಕಡಿತ ಇಲ್ಲ. ಅರ್ಜಿ ಶುಲ್ಕ ಎರಡು ಸಾವಿರದ ಆಸುಪಾಸು, ಜೊತೆಗೆ ಯುನಿ-ಗೇಜ್ ಸೇರಿಸಿಕೊಂಡರೆ ಇನ್ನೂ ಹೆಚ್ಚು. ಯುನಿ-ಗೇಜ್ ಎಂದರೆ ಅದೇ ಅಂಕವನ್ನು ಬೇರೆ ಖಾಸಗಿ ವಿಶ್ವವಿದ್ಯಾಲಯಗಳಿಗೂ ತೋರಿಸುವ ವ್ಯವಸ್ಥೆ. ಆ ವಿಶ್ವವಿದ್ಯಾಲಯಗಳ ಪಟ್ಟಿ ನೋಡಿ ಅದರಲ್ಲಿ ಒಂದಾದರೂ ಬೇಕು ಅನ್ನಿಸಿದರೆ ಮಾತ್ರ ಆ ಪೆಟ್ಟಿಗೆಗೆ ಟಿಕ್ ಹಾಕಿ.

ಇಲ್ಲಿ ಪಿಯು ಅಂಕ ರ‍್ಯಾಂಕ್‌ಗೆ ಸೇರುವುದಿಲ್ಲ, ಅರ್ಹತೆಗೆ ಬೇಕಾದಷ್ಟಿದ್ದರೆ ಸಾಕು. ಪಿಯು ಅಂಕ ಕೈಕೊಟ್ಟ, ಆದರೆ ಲೆಕ್ಕದಲ್ಲಿ ಚುರುಕಾದ ವಿದ್ಯಾರ್ಥಿಗೆ ಇದು ಎರಡನೇ ಅವಕಾಶ. ಅದೇ ಹೊತ್ತಿಗೆ ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಗ್ರಾಮೀಣ, ಕನ್ನಡ ಮಾಧ್ಯಮ ಯಾವ ಮೀಸಲಾತಿಯೂ ಇಲ್ಲಿ ನಡೆಯುವುದಿಲ್ಲ. ದೇಶದ ಎಲ್ಲ ಕಡೆಯವರೂ ಬರೆಯುತ್ತಾರೆ. ಸಿಇಟಿಯಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಬಲ ಇರುವ ಹುಡುಗಿ ಆ ಬಲವನ್ನು ಹೊಸ್ತಿಲಲ್ಲೇ ಬಿಟ್ಟು ಒಳಗೆ ಹೋಗಬೇಕು.

ನಮ್ಮ ತೀರ್ಪು ಸ್ವಲ್ಪ ಕಟುವಾಗಿದೆ. ಬೆಳಗಾವಿಯ ಗೋಗಟೆ ತಾಂತ್ರಿಕ ಸಂಸ್ಥೆ, ವಿಜಯಪುರದ ಹಳಕಟ್ಟಿ ಎಂಜಿನಿಯರಿಂಗ್ ಕಾಲೇಜು, ನಿಡಸೋಸಿಯ ಹಿರಾಶುಗರ್ ಇಂಥ ಹತ್ತಿರದ ಕಾಲೇಜೇ ಗುರಿ ಎನ್ನುವವರಿಗೆ ಕಾಮೆಡ್-ಕೆ ಅನಗತ್ಯ. ಅದೇ ಕಾಲೇಜಿನ ಅದೇ ಬೆಂಚು ಸಿಇಟಿಯಲ್ಲಿ ಅರ್ಧ ರೊಕ್ಕಕ್ಕೆ ಸಿಗುವಾಗ ಎರಡು ಪಟ್ಟು ಕೊಡುವುದರಲ್ಲಿ ಜಾಣತನ ಏನಿದೆ? ಬೆಂಗಳೂರಿನ ಆರ್‌ವಿ, ಬಿಎಂಎಸ್, ರಾಮಯ್ಯ ಇಂಥ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಬೇಕು, ಸಿಇಟಿಯಲ್ಲಿ ಕೂದಲೆಳೆಯಲ್ಲಿ ತಪ್ಪಬಹುದು, ಮನೆಯಲ್ಲಿ ಶುಲ್ಕದ ಶಕ್ತಿ ಇದೆ, ಹೀಗೆ ಮೂರೂ ಕೂಡಿದರೆ ಕಾಮೆಡ್-ಕೆ ಬರೆಯಿರಿ. ಮೂರರಲ್ಲಿ ಒಂದು ತಪ್ಪಿದರೂ ಆ ಎರಡು ಸಾವಿರ ಬೇರೆಯದಕ್ಕೆ ಬಳಸಿ.

ಬರೆಯುವವರಿಗೆ ಒಂದೇ ಸೂಚನೆ. ನಿಮಿಷಕ್ಕೊಂದು ಪ್ರಶ್ನೆ ಎಂದರೆ ಸಿಇಟಿಗಿಂತ ಮೂರು ನಿಮಿಷಕ್ಕೆ ಮುಕ್ಕಾಲು ಪ್ರಶ್ನೆ ಹೆಚ್ಚು. ರಸಾಯನಶಾಸ್ತ್ರವನ್ನು 40 ನಿಮಿಷದಲ್ಲಿ ಮುಗಿಸಿ ಉಳಿದ 20 ನಿಮಿಷ ಗಣಿತಕ್ಕೆ ಸಾಗಿಸದಿದ್ದರೆ ಗಣಿತ ಮುಗಿಯುವುದಿಲ್ಲ. ಸಿಇಟಿಯಲ್ಲಿ ಹೀಗೆ ಒಂದು ವಿಷಯದ ಸಮಯವನ್ನು ಇನ್ನೊಂದಕ್ಕೆ ಕೊಡಲು ಬರುವುದಿಲ್ಲ, ಇಲ್ಲಿ ಬರುತ್ತದೆ.

ಜೆಇಇ ಮೇನ್: ದೂರದ ಗಂಟೆ, ಆದರೆ ಧಾರವಾಡ ದೂರವಿಲ್ಲ

ಎನ್‌ಟಿಎ ಎಂಬ ಕೇಂದ್ರದ ಪರೀಕ್ಷಾ ಸಂಸ್ಥೆ ಇದನ್ನು ವರ್ಷಕ್ಕೆ ಎರಡು ಸಲ ನಡೆಸುತ್ತದೆ, ಜನವರಿಯಲ್ಲಿ ಮತ್ತು ಏಪ್ರಿಲ್‌ನಲ್ಲಿ. ಎರಡರಲ್ಲಿ ಉತ್ತಮ ಬಂದದ್ದನ್ನು ಹಿಡಿಯುತ್ತದೆ. ಮೂರು ತಾಸು, 75 ಪ್ರಶ್ನೆ, 300 ಅಂಕ. ಸರಿಯಾದರೆ 4, ತಪ್ಪಾದರೆ 1 ಕಡಿತ. 2025ರಿಂದ ಪ್ರತಿ ವಿಷಯದಲ್ಲಿ 20 ಬಹು ಆಯ್ಕೆಯ ಪ್ರಶ್ನೆ, 5 ಸಂಖ್ಯಾ ಉತ್ತರದ ಪ್ರಶ್ನೆ. ಮೊದಲಿದ್ದ ಹತ್ತರಲ್ಲಿ ಐದು ಆರಿಸುವ ಸೌಲಭ್ಯ ಹೋಯಿತು. ಸಾಮಾನ್ಯ ವರ್ಗದ ಹುಡುಗರಿಗೆ 2025ರಲ್ಲಿ ಒಂದು ಸುತ್ತಿಗೆ 1000 ರೂಪಾಯಿ ಇತ್ತು, ಹುಡುಗಿಯರಿಗೆ ಕಡಿಮೆ. ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಸಿಗುತ್ತದೆ, ಆದರೆ ಅರ್ಜಿಯಲ್ಲೇ ಕೇಳಬೇಕು. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್‌ನಲ್ಲಿರುವ ಪ್ರಶ್ನೆಯೇ ಅಂತಿಮ.

ಊಹೆಯ ಲೆಕ್ಕ ಇಲ್ಲಿ ಬದಲಾಗುತ್ತದೆ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಹೊಡೆದರೆ ಸರಾಸರಿ ಲಾಭ ಪ್ರಶ್ನೆಗೆ ಕಾಲು ಅಂಕ, ಅಂದರೆ ಇದ್ದೂ ಇಲ್ಲದಂತೆ. ಒಂದು ಆಯ್ಕೆ ಖಂಡಿತ ತಪ್ಪು ಎಂದು ಗೊತ್ತಾದರೆ ಲಾಭ 0.67ಕ್ಕೆ ಏರುತ್ತದೆ, ಎರಡು ಹೊಡೆದುಹಾಕಿದರೆ 1.5. ಎರಡು ಆಯ್ಕೆ ಉಳಿದಾಗ ಹೊಡೆಯಿರಿ, ನಾಲ್ಕೂ ಉಳಿದಾಗ ಬಿಡಿ. ಸಂಖ್ಯಾ ಉತ್ತರದಲ್ಲಿ ಊಹೆಗೆ ಜಾಗವೇ ಇಲ್ಲ.

ಪರ್ಸೆಂಟೈಲ್ ಎಂಬುದು ಮನೆಮಂದಿಯನ್ನು ಬಹಳ ಮೋಸ ಮಾಡುವ ಪದ. 90 ಪರ್ಸೆಂಟೈಲ್ ಎಂದರೆ ನೂರಕ್ಕೆ ತೊಂಬತ್ತು ಅಂಕ ಅಲ್ಲ, ಬರೆದವರಲ್ಲಿ ನೂರಕ್ಕೆ ಹತ್ತು ಜನ ಮುಂದಿದ್ದಾರೆ ಎಂದು. ಹನ್ನೆರಡು ಲಕ್ಷ ಜನ ಬರೆದರೆ ಮುಂದಿರುವವರು ಒಂದು ಲಕ್ಷ ಇಪ್ಪತ್ತು ಸಾವಿರ. ಪೇಢಾ ಹಂಚುವ ಮೊದಲು ಈ ಗುಣಾಕಾರ ಒಮ್ಮೆ ಮಾಡಿ.

ಬೆಳಗಾವಿಯವರಿಗೆ ಜೆಇಇ ಆಸೆ ಹುಟ್ಟಿಸುವುದು ಧಾರವಾಡ. ಎರಡು ತಾಸಿನೊಳಗೆ ಹೋಗಿ ಮುಟ್ಟುವ ಊರಿನಲ್ಲಿ 2015ರಿಂದ ಐಐಐಟಿ, 2016ರಿಂದ ಐಐಟಿ. ಆದರೆ ಹತ್ತಿರ ಇರುವುದರಿಂದ ಏನೂ ರಿಯಾಯಿತಿ ಇಲ್ಲ. ಐಐಟಿ, ಐಐಐಟಿಗಳಲ್ಲಿ ರಾಜ್ಯದ ಕೋಟಾ ಇಲ್ಲ. ಪಟ್ನಾದವನೂ ಪರಸಗಡದವನೂ ಒಂದೇ ಸಾಲಿನಲ್ಲಿ. ಐಐಟಿಗೆ ಇನ್ನೊಂದು ಮೆಟ್ಟಿಲು, ಜೆಇಇ ಅಡ್ವಾನ್ಸ್‌ಡ್, ಹತ್ತಬೇಕು. ರಾಜ್ಯದವರಿಗೆ ನಿಜವಾದ ಅನುಕೂಲ ಇರುವುದು ಸುರತ್ಕಲ್‌ನ ಎನ್‌ಐಟಿಯಲ್ಲಿ, ಅರ್ಧ ಸೀಟು ಕರ್ನಾಟಕದವರಿಗೆ.

ಗಡಿ ಜಿಲ್ಲೆಯವರು ಜಾರುವುದು ಇಲ್ಲೇ. ಎನ್‌ಐಟಿಯ ಲೆಕ್ಕದಲ್ಲಿ 'ರಾಜ್ಯ' ಎಂದರೆ 12ನೇ ತರಗತಿ ಪಾಸಾದ ರಾಜ್ಯ. ಹುಟ್ಟಿದ ಊರಾಗಲಿ, ರೇಷನ್ ಕಾರ್ಡಾಗಲಿ ಲೆಕ್ಕಕ್ಕಿಲ್ಲ. ಅಥಣಿಯ ಹುಡುಗ ಕೋಚಿಂಗ್‌ಗೆಂದು ಲಾತೂರಿನಲ್ಲೋ ಹೈದರಾಬಾದಿನಲ್ಲೋ 12ನೇ ತರಗತಿ ಮುಗಿಸಿದರೆ ಸುರತ್ಕಲ್‌ನಲ್ಲಿ ಅವನು ಹೊರರಾಜ್ಯದವ. ಸಿಇಟಿಗೆ ನಿಯಮ ಬೇರೆ: 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿ, ಎಸ್‌ಎಸ್‌ಎಲ್‌ಸಿ ಅಥವಾ ಪಿಯು ಇಲ್ಲಿ ಪಾಸಾಗಿರಬೇಕು. ಹೊರಗೆ ಕಳಿಸುವ ನಿರ್ಧಾರ ಮಾಡುವಾಗಲೇ ಈ ಎರಡನ್ನೂ ಎದುರಿಗಿಟ್ಟುಕೊಳ್ಳಿ. ಎನ್‌ಐಟಿ ಸೀಟಿಗೆ 12ರಲ್ಲಿ ಶೇ. 75 ಕೂಡ ಬೇಕು, ಎಸ್‌ಸಿ, ಎಸ್‌ಟಿಗೆ 65. ಇಲ್ಲವೇ ತಮ್ಮ ಬೋರ್ಡಿನ ಮೇಲಿನ ಶೇ. 20ರೊಳಗೆ ಇರಬೇಕು.

ಜನವರಿ ಸುತ್ತನ್ನು ಎಲ್ಲರೂ ಬರೆಯಿರಿ ಎನ್ನುವ ಮಾತಿಗೆ ನಮ್ಮ ಒಪ್ಪಿಗೆ ಇಲ್ಲ. ಮೊದಲ ವರ್ಷದಿಂದಲೇ ಜೆಇಇ ಮಟ್ಟದ ಲೆಕ್ಕ ಮಾಡಿದವರಿಗೆ ಸರಿ. ಉಳಿದವರಿಗೆ ಅದು ಪಿಯು ಪೂರ್ವಸಿದ್ಧತಾ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆಗಳ ಹೊತ್ತಿನಲ್ಲಿ ಮೂರು ವಾರ ನುಂಗುವ ಕೆಲಸ. ಆ ಮೂರು ವಾರ ಪಿಯು ಮತ್ತು ಸಿಇಟಿಗೆ ಹೋದರೆ ರ‍್ಯಾಂಕ್ ಪಟ್ಟಿಯಲ್ಲಿ ಕಾಣಿಸುತ್ತದೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ಹಿರಿಯರು ಹೇಳಿದ್ದು ಇಂಥ ಕಡೆಗೇ ಇರಬೇಕು.

ನೀಟ್, ಮತ್ತು ಊರೊಳಗಿನ ಮೆಡಿಕಲ್ ಕಾಲೇಜು

ವೈದ್ಯಕೀಯ, ದಂತ ವೈದ್ಯಕೀಯ, ಆಯುರ್ವೇದ, ಹೋಮಿಯೋಪತಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ, ನೀಟ್ ಒಂದೇ. 180 ಪ್ರಶ್ನೆ, 720 ಅಂಕ, 180 ನಿಮಿಷ, ಪೆನ್ನು-ಹಾಳೆ. ಅರ್ಧಕ್ಕರ್ಧ ಜೀವಶಾಸ್ತ್ರ, 90 ಪ್ರಶ್ನೆ. ಅದನ್ನು 45 ನಿಮಿಷದಲ್ಲಿ ಮುಗಿಸಿದವರಿಗೆ ಭೌತಶಾಸ್ತ್ರಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಊಹೆಯ ಲೆಕ್ಕ ಜೆಇಇಯದೇ.

ಪರೀಕ್ಷೆಗಿಂತ ಹೆಚ್ಚು ಜನ ಎಡವುವುದು ನಂತರದ ನೋಂದಣಿಯಲ್ಲಿ. ನೀಟ್ ಬರೆದ ಮಾತ್ರಕ್ಕೆ ಕರ್ನಾಟಕದ ಸೀಟು ಬರುವುದಿಲ್ಲ, ಕೆಇಎಯಲ್ಲಿ ಬೇರೆಯಾಗಿ ಅರ್ಜಿ ಹಾಕಿ ನೀಟ್ ಸಂಖ್ಯೆ ಕೊಡಬೇಕು. ಸಿಇಟಿ ಅರ್ಜಿ ಹಾಕಿದವರಿಗೆ ಅರ್ಧ ಕೆಲಸ ಆಗಿರುತ್ತದೆ. ನೀಟ್ ಮಾತ್ರದವರೂ ಸಿಇಟಿ ಬಿಡಬೇಡಿ ಎಂದದ್ದಕ್ಕೆ ಇದೂ ಒಂದು ಕಾರಣ. ಪಶುವೈದ್ಯ, ಕೃಷಿ, ನರ್ಸಿಂಗ್ ಇನ್ನೊಂದು.

ಬೆಳಗಾವಿಯ ಬಿಮ್ಸ್ ಸರ್ಕಾರಿ ಕಾಲೇಜು, ಅಲ್ಲಿನ ಶೇ. 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗಿ, ಉಳಿದದ್ದು ಕೆಇಎ ಮೂಲಕ. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಖಾಸಗಿ, ಅದೂ ಕೆಇಎ ಪಟ್ಟಿಯಲ್ಲಿದೆ. ಆದರೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು, ವಿಜಯಪುರದ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯಗಳ ಕೈಕೆಳಗಿನವು. ಡೀಮ್ಡ್ ಸೀಟಿನ ಹಂಚಿಕೆ ದೆಹಲಿಯ ಎಂಸಿಸಿ, ಅಂದರೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಮಾಡುತ್ತದೆ. ಅಲ್ಲಿನ ಠೇವಣಿ ದೊಡ್ಡದು, ಶುಲ್ಕವೂ ದೊಡ್ಡದು, ದಿನಾಂಕಗಳು ಬೇರೆ. ಮನೆಯ ಮುಂದಿನ ಕಾಲೇಜು ಎಂದು ಕೆಇಎ ಸುತ್ತಿಗೆ ಕಾಯುತ್ತ ಕೂತರೆ ಎಂಸಿಸಿಯ ನೋಂದಣಿ ಮುಗಿದಿರುತ್ತದೆ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಗಡಿಯ ಈಚೆ, ಆಚೆ

ಬೆಳಗಾವಿಯಲ್ಲಿ ಪ್ರತಿ ವರ್ಷ ಕೇಳುವ ಪ್ರಶ್ನೆ: ಮಹಾರಾಷ್ಟ್ರದ ಎಂಎಚ್‌ಟಿ-ಸಿಇಟಿ ಬರೆಯಬೇಕೇ? ಕೊಲ್ಹಾಪುರ, ಸಾಂಗ್ಲಿ ಹತ್ತಿರ, ಸಾಂಗ್ಲಿಯ ವಾಲಚಂದ್ ಕಾಲೇಜಿಗೆ ಹೆಸರೂ ಇದೆ. ಪರೀಕ್ಷೆಯೇನೋ ಸರಳ, 200 ಅಂಕ, ಕಡಿತ ಇಲ್ಲ, ಗಣಿತದ ಒಂದು ಪ್ರಶ್ನೆಗೆ 2 ಅಂಕ. ಆದರೆ ಕರ್ನಾಟಕದಲ್ಲಿ ಪಿಯು ಮುಗಿಸಿದವರು ಅಲ್ಲಿ ಅಖಿಲ ಭಾರತ ಸೀಟುಗಳಿಗಷ್ಟೇ ಅರ್ಹರು, ಆ ಸೀಟುಗಳಲ್ಲಿ ಮೊದಲ ಮಣೆ ಜೆಇಇ ಮೇನ್ ಅಂಕಕ್ಕೆ. ಅಂದಮೇಲೆ ಜೆಇಇ ಬರೆದವರಿಗೆ ಅದೇ ಸಾಕು, ಬರೆಯದವರಿಗೆ ಎಂಎಚ್‌ಟಿಯಿಂದ ಸಿಗುವುದು ಅಲ್ಪ. ಗಡಿಭಾಗದಲ್ಲಿ ಓದಿದ, ಮಾತೃಭಾಷೆ ಮರಾಠಿಯಾದ ವಿದ್ಯಾರ್ಥಿಗಳಿಗೆ ಮಹಾರಾಷ್ಟ್ರ ಬೇರೆಯೇ ಪ್ರವರ್ಗ ಇಟ್ಟಿದೆ, ಅವರ ಲೆಕ್ಕ ಬೇರೆ.

ಆ ಕಡೆಯಿಂದ ಈ ಕಡೆಗೂ ದಾರಿ ಇದೆ. ಜತ್ತ, ಅಕ್ಕಲಕೋಟ, ದಕ್ಷಿಣ ಸೋಲಾಪುರ, ಗಡಹಿಂಗ್ಲಜ ತಾಲ್ಲೂಕುಗಳ ಕನ್ನಡಿಗರು ಗಡಿನಾಡ ಕನ್ನಡಿಗರೆಂದು ಕರ್ನಾಟಕದ ಸಿಇಟಿ ಸೀಟು ಕೇಳಬಹುದು. ಅದಕ್ಕೆ 50 ಅಂಕದ ಕನ್ನಡ ಭಾಷಾ ಪರೀಕ್ಷೆ ಬೇರೆ ಬರೆಯಬೇಕು. ಮಟ್ಟ ನಾಲ್ಕನೇ ತರಗತಿಯದು, ಮನೆಯಲ್ಲಿ ಕನ್ನಡ ಓದುವ ರೂಢಿ ಇದ್ದವರಿಗೆ ತೊಡಕಿಲ್ಲ. ವಿಜಯಪುರಕ್ಕೆ ದಿನವೂ ಓಡಾಡುವ ಜತ್ತದ ಜನರಲ್ಲೂ ಎಷ್ಟೋ ಮಂದಿಗೆ ಈ ಸೌಲಭ್ಯ ಗೊತ್ತಿಲ್ಲ.

ಇನ್ನೊಂದು ಗಡಿ ರಾಜ್ಯದೊಳಗೇ ಇದೆ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆ ಸಿಗುವ ಮೀಸಲಾತಿ ಕಲಬುರಗಿ, ಬೀದರ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಅದರಲ್ಲಿ ಇಲ್ಲ. ಸಿಂದಗಿಯ ಮನೆ ಕಲಬುರಗಿಯ ಗಡಿಗೆ ಎಷ್ಟೇ ತಾಗಿಕೊಂಡಿರಲಿ, ಅರ್ಹತಾ ಪ್ರಮಾಣಪತ್ರ ಇಲ್ಲದೆ ಅರ್ಜಿಯಲ್ಲಿ ಆ ಕಾಲಂಗೆ 'ಹೌದು' ಹಾಕಿದರೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ.

ವಿಜಯಪುರದವರಿಗೆ ಒಂದು ಉಪಯೋಗದ ಮಾತು: ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದ ಪದವಿಗೆ ಸಿಯುಇಟಿ ಬೇಕು. ಕಲೆ, ವಾಣಿಜ್ಯದವರೂ ಬರೆಯಬಹುದು, ಕನ್ನಡದಲ್ಲೂ ಬರೆಯಬಹುದು. ಕೋಲಾಹಲವಿಲ್ಲದ ಈ ಪರೀಕ್ಷೆಯನ್ನು ನಮ್ಮ ಕಡೆ ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕಾಗದಗಳು, ಅಂದರೆ ಅರ್ಧ ರ‍್ಯಾಂಕ್

ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದ್ದು ಶೇ. 5. ಎರಡಕ್ಕೂ 1ರಿಂದ 10ನೇ ತರಗತಿ, ಪೂರ್ತಿ ಹತ್ತು ವರ್ಷ ಬೇಕು. ಗ್ರಾಮೀಣ ಎಂದರೆ ಸಾಲಿ ಎಲ್ಲಿತ್ತು ಎಂಬ ಲೆಕ್ಕ, ಮನೆ ಎಲ್ಲಿದೆ ಎಂಬುದಲ್ಲ. ಹಳ್ಳಿಯಲ್ಲಿ ಮನೆ, ಗೋಕಾಕ ಪಟ್ಟಣದಲ್ಲಿ ಹೈಸ್ಕೂಲು ಆದರೆ ಸಿಗುವುದಿಲ್ಲ. ಎಂಟನೇ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಹೋಯಿತು. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಮೂರು ಸಾಲಿ ಬದಲಿಸಿದವರು ಮೂರು ಕಡೆ ಅಲೆಯಬೇಕು. ಇದನ್ನು ದೀಪಾವಳಿ ರಜೆಯಲ್ಲೇ ಮುಗಿಸಿ, ಏಪ್ರಿಲ್‌ನಲ್ಲಿ ಸಾಲಿ ಕಚೇರಿಗಳು ಸಿಗುವುದು ಕಷ್ಟ.

ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಅರ್ಜಿಯಲ್ಲಿ ಹಾಕಿದ ಕೂಡಲೇ ಹೆಸರು ತಾನಾಗಿ ಬರುತ್ತದೆ. ಆ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೊಂದಬೇಕು. ನಮ್ಮ ಕಡೆ ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ಒಂದರಲ್ಲಿ 'ಪಾಟೀಲ', ಇನ್ನೊಂದರಲ್ಲಿ 'ಪಾಟೀಲ್'. ತಂದೆಯ ಹೆಸರಿನಲ್ಲಿರುವ ಪ್ರಮಾಣಪತ್ರ ನಡೆಯುವುದಿಲ್ಲ, ವಿದ್ಯಾರ್ಥಿಯ ಹೆಸರಿನಲ್ಲೇ ಬೇಕು. ನಾಡಕಚೇರಿಗೆ ಅರ್ಜಿ ಕೊಡುವಾಗ ಅಂಕಪಟ್ಟಿ ಕೈಯಲ್ಲಿ ಹಿಡಿದು ಅಕ್ಷರ ಅಕ್ಷರ ನೋಡಿಸಿ. ಅರ್ಜಿಯಲ್ಲಿ ಕೊಡುವ ಮೊಬೈಲ್ ನಂಬರ್ ಕಂಪ್ಯೂಟರ್ ಸೆಂಟರಿನವರದ್ದಾಗದಿರಲಿ. ಓಟಿಪಿ ಅವರಿಗೆ ಹೋಗುತ್ತದೆ, ಸೀಟು ಸಿಕ್ಕ ದಿನ ಅವರು ಮದುವೆಗೆ ಹೋಗಿರುತ್ತಾರೆ.

ಆಪ್ಷನ್ ಎಂಟ್ರಿಯಲ್ಲಿ 'ಸಿಗುವಂಥದ್ದನ್ನು ಮೊದಲು ಹಾಕು' ಎಂಬ ಸಲಹೆ ತಪ್ಪು. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದು ರ‍್ಯಾಂಕ್‌ಗೆ ಸಿಗುವ ಮೊದಲ ಸೀಟನ್ನು ಕೊಡುತ್ತದೆ. ಮೇಲೆ ದೊಡ್ಡ ಕಾಲೇಜು ಬರೆದದ್ದಕ್ಕೆ ಕೆಳಗಿನದು ಕೈತಪ್ಪುವುದಿಲ್ಲ. ಹೆಚ್ಚು ಇಷ್ಟವಾದದ್ದು ಮೇಲೆ, ಹೋಗಲು ಮನಸ್ಸೇ ಇಲ್ಲದ್ದು ಪಟ್ಟಿಯಲ್ಲೇ ಬೇಡ. ಅಣಕು ಹಂಚಿಕೆ ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶ ಇರುತ್ತದೆ, ಅದನ್ನು ಬಳಸಿ.

ಸೀಟು ಬಂದಾಗ ನಾಲ್ಕು ಆಯ್ಕೆ. ಒಂದನೆಯದು ಒಪ್ಪಿ ಸೇರುವುದು. ಎರಡನೆಯದು ಇದನ್ನು ಹಿಡಿದುಕೊಂಡು ಮೇಲಿನದಕ್ಕೆ ಮುಂದಿನ ಸುತ್ತು ಕಾಯುವುದು. ಮೂರನೆಯದು ಇದನ್ನು ಬಿಟ್ಟು ಕಾಯುವುದು. ನಾಲ್ಕನೆಯದು ಹೊರನಡೆಯುವುದು. ಎರಡಕ್ಕೂ ಮೂರಕ್ಕೂ ವ್ಯತ್ಯಾಸ ತಿಳಿಯದೆ ಮೂರನ್ನು ಒತ್ತಿದವರ ಸೀಟು ಆ ಕ್ಷಣವೇ ಬೇರೆಯವರ ಪಾಲು. ಮುಂದಿನ ಸುತ್ತಿನಲ್ಲಿ ಏನೂ ಬಾರದಿದ್ದರೂ ಅದು ತಿರುಗಿ ಬರುವುದಿಲ್ಲ. ಎರಡನೆಯದನ್ನು ಒತ್ತಿದವರೂ ಇನ್ನೊಂದು ಗಮನಿಸಬೇಕು: ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಬಂದರೆ ಹಳೆಯ ಸೀಟು ತಾನಾಗಿ ಹೋಗುತ್ತದೆ. ಮೊದಲ ಸುತ್ತು ಮುಗಿದ ದಿನವೇ ಕೂತು, ಈಗ ಬಂದ ಸೀಟಿಗಿಂತ ಮೇಲೆ ಬರೆದ ಹೆಸರುಗಳನ್ನು ಮತ್ತೊಮ್ಮೆ ಓದಿ, ಬೇಡವಾದವನ್ನು ಅಳಿಸಿಬಿಡಿ.